ಆಟಿಕೆ ರೈಲು ಅನ್ನಬೇಡಿ

ಓದುಗರೊಬ್ಬರ ಪತ್ರ: "ಮಕ್ಕಳ ಹಟಕ್ಕೆ ಮೆಟ್ಟುಪಾಳ್ಯಂನಿಂದ ಊಟಿಗೆ ಟಾಯ್ ಟ್ರೈನ್ ಹತ್ತಿದೆವು. 46 ಕಿಲೋಮೀಟರಿಗೆ ಹತ್ತಿರ ಹತ್ತಿರ ಐದು ಗಂಟೆ! ಕಾಲು ಚಾಚಲೂ ಜಾಗವಿಲ್ಲ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಉಗಿ ಎಂಜಿನ್ ಇಟ್ಟುಕೊಳ್ಳಬೇಕೇ? ವೇಗದ ಎಂಜಿನ್ ಹಾಕಬಾರದೇ?"

ಸಂಪಾದಕರ ಉತ್ತರ: ಸೀಟು ಇಕ್ಕಟ್ಟು, ಒಪ್ಪಿದೆ. ಟಿಕೆಟ್ ಸಿಗುವುದೂ ಕಷ್ಟವೇ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು 'ಟಾಯ್ ಟ್ರೈನ್' ಅನ್ನುವ ಮಾತು. ನೀವೊಬ್ಬರೇ ಅಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ಆಟಿಕೆ ಅಂದುಕೊಂಡು ಹತ್ತಿದ್ದಕ್ಕೇ ನಿಮಗೆ ಅದು ನಿಧಾನ ಅನ್ನಿಸಿತು.

ಆ ರೈಲು 326 ಮೀಟರ್ ಎತ್ತರದಿಂದ ಹೊರಟು 2,203 ಮೀಟರಿಗೆ ಏರುತ್ತದೆ. ಕಲ್ಲಾರ್ ತನಕ ಅದು ಎಲ್ಲ ರೈಲಿನ ಹಾಗೇ. ಅಲ್ಲಿಂದ ಹಳಿಗಳ ನಡುವೆ ಹಲ್ಲುಪಟ್ಟಿ ಶುರುವಾಗುತ್ತದೆ. ಒಂದಲ್ಲ, ಅಕ್ಕಪಕ್ಕ ಎರಡು. ಒಂದರಲ್ಲಿ ಹಲ್ಲು ಇರುವ ಕಡೆ ಇನ್ನೊಂದರಲ್ಲಿ ಸಂದು. ಹಾಗಾಗಿ ಎಂಜಿನ್ನಿನ ಹಲ್ಲುಚಕ್ರದ ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಅಂಥ ಏರು ಅದು. ಬರೀ ಹಳಿಯ ಮೇಲೆ ಚಕ್ರ ಜಾರಿಬಿಡುತ್ತದೆ. ಈ ಭಾಗದಲ್ಲಿ ಗಂಟೆಗೆ 13 ಕಿಲೋಮೀಟರ್ ಮೀರುವಂತಿಲ್ಲ. ಕೂನೂರಿನಿಂದ ಮುಂದೆ ಹಲ್ಲುಪಟ್ಟಿ ಇಲ್ಲ. ಅಲ್ಲಿ ಉಗಿ ಎಂಜಿನ್ ಅಲ್ಲ, ಡೀಸೆಲ್ ಎಂಜಿನ್ನೇ ಇದೆ.

ಇನ್ನೊಂದು ಗಮನಿಸಿದಿರಾ? ಹತ್ತುವಾಗ ಎಂಜಿನ್ ಹಿಂದೆ ಇರುತ್ತದೆ. ಎಳೆಯುವುದಿಲ್ಲ, ತಳ್ಳುತ್ತದೆ. ಬೋಗಿಯ ಕೊಂಡಿ ಕಳಚಿದರೂ ಬೋಗಿ ಕೆಳಕ್ಕೆ ಉರುಳಬಾರದು ಅಂತ ಈ ಏರ್ಪಾಡು. ಆದರೆ ಹಿಂದೆ ಇರುವ ಡ್ರೈವರಿಗೆ ಮುಂದಿನ ದಾರಿ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಒಂದೊಂದು ಬೋಗಿಗೂ ಬ್ರೇಕ್ ಹಾಕಲು ಒಬ್ಬ ಬ್ರೇಕಿನವರು. ಎಲ್ಲರಿಗಿಂತ ಮುಂದಿರುವವರು ದಾರಿ ನೋಡಿ ಬಾವುಟದಲ್ಲಿ ಸನ್ನೆ ಮಾಡುತ್ತಾರೆ.

ನಾನು ಮೊದಲ ಸಲ ಹೋದಾಗ ಮೊದಲ ಬೋಗಿಯಲ್ಲೇ, ಮುಂದುಗಡೆ ಜಾಗ ಸಿಕ್ಕಿತ್ತು. ಗಾಜಿನಾಚೆ ಒಬ್ಬರ ಬೆನ್ನು. ಕೂನೂರಿನ ತನಕ ಆ ಬೆನ್ನನ್ನೇ ನೋಡಿದೆ. ಒಂದು ಕೈ ಬ್ರೇಕಿನ ಮೇಲೆ, ಇನ್ನೊಂದರಲ್ಲಿ ಬಾವುಟ. ಹಳಿಯ ಮೇಲೆ ಕಲ್ಲು ಬಿದ್ದಿದೆಯಾ, ಆನೆ ನಿಂತಿದೆಯಾ ಅಂತ ನಮ್ಮೆಲ್ಲರ ಪರವಾಗಿ ನೋಡುತ್ತಿದ್ದವರು ಅವರು. ಒಳಗಿದ್ದ ನಾವು ಸುರಂಗ ಬಂದಾಗಲೆಲ್ಲ ಕೂಗುತ್ತಿದ್ದೆವು. ಅವರು ಒಮ್ಮೆಯೂ ತಿರುಗಲಿಲ್ಲ.

ಡಾರ್ಜಿಲಿಂಗ್ ರೈಲನ್ನೂ ಟಾಯ್ ಟ್ರೈನ್ ಅಂತಲೇ ಕರೆಯುತ್ತಾರೆ. ಅದಕ್ಕೆ ಹಲ್ಲುಪಟ್ಟಿ ಇಲ್ಲ. ಅದು ಸುತ್ತು ಹಾಕಿ, ಹಿಂದೆ ಮುಂದೆ ಸರಿದು ಬೆಟ್ಟ ಹತ್ತುತ್ತದೆ. ಹಳಿ ಒದ್ದೆಯಾದರೆ ಉಗಿ ಎಂಜಿನ್ನಿನ ಮೂತಿಯ ಮೇಲೆ ಕೂತವರು ಕೈಯಿಂದಲೇ ಮರಳು ಸುರಿಯುತ್ತಾರೆ. ಇದೆಲ್ಲ ಆಟಿಕೆಯಾ?

ಹಳೆಯದು ಅಂದಿರಿ. ಊಟಿ ರೈಲಿಗೆಂದು ಸ್ವಿಟ್ಜರ್ಲೆಂಡಿನಿಂದ ಬಂದ ಎಂಜಿನ್‌ಗಳಿಗೆ ವಯಸ್ಸಾದಾಗ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಅದೇ ಮಾದರಿಯ ಹೊಸ ಉಗಿ ಎಂಜಿನ್ ಕಟ್ಟಿ ಕೊಟ್ಟರು. ನಮ್ಮ ಕಾಲದಲ್ಲಿ, ನಮ್ಮವರೇ! ಎಷ್ಟು ಜನಕ್ಕೆ ಗೊತ್ತು?

ಬೇಸರವಾಗುವುದು ಇಲ್ಲೇ. ಪ್ರತಿ ಬೇಸಿಗೆ ಮುಗಿಯುತ್ತಲೂ ನಮ್ಮ ಕಚೇರಿಗೆ ಪ್ರವಾಸ ಲೇಖನಗಳು ಬರುತ್ತವೆ. ಎಲ್ಲದರಲ್ಲೂ ಮಂಜು ಇದೆ, ಚಹಾ ತೋಟ ಇದೆ. ಬ್ರೇಕಿನವರು ಒಂದರಲ್ಲೂ ಇಲ್ಲ. ಈ ದಾರಿಯ ಮಾತು ಮೊದಲು ಎದ್ದದ್ದು 1854ರಲ್ಲಿ. ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. 16 ಸುರಂಗ, 250 ಸೇತುವೆ. ಕಲ್ಲು ಹೊತ್ತವರು ಯಾವ ಊರಿನವರು ಅಂತ ಒಬ್ಬರಾದರೂ ಕೇಳಿದ್ದುಂಟಾ? 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಗೆ ಸೇರಿಸಿತು. ನಾವು ಆ ಫಲಕದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೇವೆ. ಸೇತುವೆ ನೋಡಿದರೂ ಹಾಗೇ, ಅಣೆಕಟ್ಟು ನೋಡಿದರೂ ಹಾಗೇ. ಕೆಲಸ ಮಾಡಿದ ಕೈ ನಮ್ಮ ಬರಹಕ್ಕೆ ಬರುವುದೇ ಇಲ್ಲ.

ನಿಮ್ಮ ಮಕ್ಕಳು ರೈಲಿಗಾಗಿ ಹಟ ಮಾಡಿದರಲ್ಲ, ಅದು ನನಗೆ ತುಂಬಾ ಹಿಡಿಸಿತು. ಇನ್ನೊಮ್ಮೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ರೈಲು ನಿಲ್ಲುತ್ತದೆ. ಅಲ್ಲಿ ಇಳಿದು ಎಂಜಿನ್ ಇರುವ ಕಡೆಗೆ ನಡೆಯಿರಿ. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ದೂರದಿಂದಲೇ ತೋರಿಸಿ. ಬ್ರೇಕಿನವರು ಬಿಡುವಾಗಿದ್ದರೆ ಮಾತಾಡಿಸಿ. ಆಮೇಲೆ ಪತ್ರವನ್ನು ಮಕ್ಕಳೇ ಬರೆಯಲಿ. ಜಾಗ ಇಟ್ಟಿರುತ್ತೇನೆ.