ಅಮ್ಮನಿಗೆ ಆಗದಿದ್ದರೆ ತಮ್ಮ ಎಲ್ಲಿರಬೇಕು?

ಅಕ್ಕಾ, ಸಿರುಗುಪ್ಪದಲ್ಲಿರುವ ನಿಮ್ಮ ತಮ್ಮನಿಗೆ 34 ವರ್ಷ, ಬೌದ್ಧಿಕ ಅಂಗವೈಕಲ್ಯದ ಜೊತೆಗೆ ಮಾನಸಿಕ ಕಾಯಿಲೆಯ ಮಾತ್ರೆಯೂ ಇದೆ, ಅಮ್ಮನಿಗೆ ಕೈಲಾಗುತ್ತಿಲ್ಲ, ಎಲ್ಲಿ ಬಿಡೋದು ಅಂತ ಕೇಳಿದ್ದೀರಿ.

ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಮಾಡಿಸಿ. 18 ದಾಟಿದ ಮೇಲೆ ಹೆತ್ತ ತಾಯಿಯೂ ತಾನಾಗೇ ಕಾನೂನಿನ ಪೋಷಕಿ (ಗಾರ್ಡಿಯನ್) ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ, ತಮ್ಮನಿಗೆ ಪೋಷಕರನ್ನು ನೇಮಿಸಿ ಅಂತ ಅರ್ಜಿ ಹಾಕಿ. ಅಮ್ಮ ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಸಿ. ಆ ಕಾಯ್ದೆಯಡಿ ಇರುವ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ಸಮರ್ಥ್-ಘರೌಂದಾ’ ಯೋಜನೆಯಲ್ಲಿ ದೊಡ್ಡವರಿಗೂ ವಸತಿ ಇದೆ. ಬಳ್ಳಾರಿಯ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಜಾಗ ಸಿಕ್ಕರೆ ಸುಮ್ನೆ ಆಫೀಸ್ ರೂಮಿನಲ್ಲಿ ಕೂತು ಬರಬೇಡಿ, ಒಳಗೆ ಹೋಗಿ. ಒಬ್ಬೊಬ್ಬರ ಬಟ್ಟೆಗೆ ಬೇರೆ ಕಪಾಟು ಇದೆಯಾ, ಎಲ್ಲರದ್ದೂ ಒಂದೇ ರಾಶಿನಾ? ರಾತ್ರಿ ಮಾತ್ರೆ ಯಾರು ಕೊಡುತ್ತಾರೆ, ಕೊಟ್ಟದ್ದನ್ನು ಬರೆದಿಡುತ್ತಾರಾ? ಹಗಲಿಡೀ ರೂಮಿಗೆ ಬೀಗ ಹಾಕಿದ್ದರೆ ಆ ಜಾಗವೇ ಬೇಡ. ತಮ್ಮನನ್ನೂ ಕರೆದುಕೊಂಡು ಹೋಗಿ, ಇರಬೇಕಾದವರು ಅವರೇ ಅಲ್ವಾ? ನಾಲ್ಕು ದಿನ ಇದ್ದು ನೋಡಲಿ, ಆಮೇಲೆ ತೀರ್ಮಾನ ಮಾಡಿ.

ಮಾತ್ರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿದ್ದಾರೆ. ದೇಶಕ್ಕೆಲ್ಲ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ರಾತ್ರಿ ಹೊತ್ತು ತೊಂದರೆ ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.