ತಾಳೆಯಾದ ಲೆಕ್ಕದೊಳಗಿನ ಎರಡು ತಪ್ಪುಗಳು

ಪುಣೆಯ ಕೋಥ್ರೂಡಿನಿಂದ ಬರೆದಿರುವ ಯುವ ಬರಹಗಾರರಿಗೆ ವಂದನೆಗಳು.

‘ಮಾಂತ್ರಿಕ ಪ್ರಹಾರದ ಗಣಿತ’ ಎಂಬ ನಿಮ್ಮ ಒಂಬತ್ತು ಪುಟಗಳ ಲೇಖನ ತಲುಪಿದೆ. ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಸ್ಪೆಲ್ ಅಟ್ಯಾಕ್ ಬೋನಸ್ (ಮಂತ್ರದ ಏಟು ತಗಲಿತೇ ಎಂದು ನೋಡಲು ದಾಳದ ಗರಕ್ಕೆ ಕೂಡಿಸುವ ಅಂಕಿ) ಲೆಕ್ಕಹಾಕುವ ಕ್ರಮವನ್ನು ವಿವರಿಸುವ ಬರಹ ನಮ್ಮ ಪತ್ರಿಕೆಗೆ ಇದುವರೆಗೆ ಬಂದಿರಲಿಲ್ಲವಾದ್ದರಿಂದ ಅದನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲು ಹಿಡಿದು, ಈ ಆಟವಾಡುವ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ನಿಯಮದ ಪುಸ್ತಕವನ್ನು ತೆರೆದಿಟ್ಟುಕೊಂಡು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ದೀಪಾವಳಿ ವಿಶೇಷಾಂಕಕ್ಕೆ ತೆಗೆದುಕೊಳ್ಳುವ ಮನಸ್ಸಿದೆ.

ಮೊದಲು ನಿಮ್ಮ ಉದಾಹರಣೆಯ ವಿಷಯ. ನಾಲ್ಕನೆಯ ಲೆವೆಲ್ಲಿನ ಒಬ್ಬ ವಿಝರ್ಡ್ (ಮಂತ್ರವಾದಿ), ಅವನ ಇಂಟೆಲಿಜೆನ್ಸ್ (ಬುದ್ಧಿಬಲದ ಅಂಕಿ) 17, ಎದುರಿಗೆ ಆರ್ಮರ್ ಕ್ಲಾಸ್ (ಏಟು ತಡೆಯುವ ಅಂಕಿ) 15 ಇರುವ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ. 17ರಲ್ಲಿ 10 ಕಳೆದು ಎರಡರಿಂದ ಭಾಗಿಸಿದರೆ ಮೂರೂವರೆ ಬರುತ್ತದೆ. ಆ ಅರ್ಧವನ್ನು ನೀವು ಮೇಲಕ್ಕೆ ಏರಿಸಿ ಮಾಡಿಫೈಯರ್ (ಇಂಟೆಲಿಜೆನ್ಸಿನಿಂದ ಬೋನಸ್ಸಿಗೆ ಸೇರುವ ಪಾಲು) 4 ಎಂದು ಬರೆದಿದ್ದೀರಿ. ಈ ಆಟದಲ್ಲಿ ಅರ್ಧ ಬಂದರೆ ಬಿಟ್ಟುಬಿಡಬೇಕು. ಆದ್ದರಿಂದ ಅದು 3. ಲೆವೆಲ್ಲಿಗೆ ತಕ್ಕಂತೆ ಸಿಗುವ ಪ್ರೊಫಿಶಿಯೆನ್ಸಿ ಬೋನಸ್ ನಾಲ್ಕನೆಯ ಲೆವೆಲ್ಲಿಗೆ 2 ಎಂದಿರುವುದು ಸರಿ. ಹಾಗಾಗಿ ಎರಡೂ ಕೂಡಿ ಒಟ್ಟು ಬೋನಸ್ 5 ಆಗಬೇಕಿತ್ತು, ನಿಮ್ಮಲ್ಲಿ 6 ಆಗಿದೆ. ಮುಂದಿನ ಪುಟದಲ್ಲಿ, ಏಟು ತಗಲಬೇಕಾದರೆ ಇಪ್ಪತ್ತು ಮುಖದ ದಾಳದ ಗರ ಮತ್ತು ಬೋನಸ್ಸಿನ ಮೊತ್ತವು ಆರ್ಮರ್ ಕ್ಲಾಸನ್ನು ಮೀರಬೇಕು ಎಂದಿದ್ದೀರಿ. ಅದೂ ತಪ್ಪು, ಸಮವಾದರೂ ಏಟು ತಗಲುತ್ತದೆ.

ಇಷ್ಟಾದರೂ ನಿಮ್ಮ ಕೊನೆಯ ಉತ್ತರ ಸರಿಯಾಗಿಯೇ ಬಂದಿದೆ ಎಂಬುದು ನನಗೆ ಕುತೂಹಲದ ಸಂಗತಿಯೆನಿಸಿತು. 6ರ ಬೋನಸ್ಸಿನಿಂದ 15ನ್ನು ಮೀರಲು 10 ಬೀಳಬೇಕು. 5ರ ಬೋನಸ್ಸಿನಿಂದ 15ನ್ನು ಮುಟ್ಟಲೂ 10 ಬೀಳಬೇಕು. ಎರಡೂ ಕಡೆ ಇಪ್ಪತ್ತು ಮುಖಗಳಲ್ಲಿ ಹನ್ನೊಂದು ನಮ್ಮ ಪಾಲಿಗೆ, ಅಂದರೆ ಶೇಕಡಾ 55. ಮುಂಬಯಿಯ ಫೋರ್ಟಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಬಹಳ ವರ್ಷ ದುಡಿದ ನನಗೆ ಇಂಥದ್ದನ್ನು ಕಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಜಮೆಯಲ್ಲೊಂದು ತಪ್ಪು, ಖರ್ಚಿನಲ್ಲಿ ಅಷ್ಟೇ ಮೊತ್ತದ ಇನ್ನೊಂದು ತಪ್ಪು ಸೇರಿ ತಾಳೆಪಟ್ಟಿ ಸರಿಹೋದಾಗ ಆ ತಪ್ಪುಗಳನ್ನು ಹಿಡಿಯುವವರೇ ಇರುವುದಿಲ್ಲ. ನಿಮ್ಮ ಮೇಜಿನಲ್ಲಿ ಯಾರೂ ಆಕ್ಷೇಪಿಸದಿರಲು ಇದೇ ಕಾರಣವಿರಬಹುದು. ಆದರೆ ನಮ್ಮ ಓದುಗನೊಬ್ಬ ಇಂಟೆಲಿಜೆನ್ಸ್ 16 ಇರುವ ವಿಝರ್ಡನನ್ನು ತಂದನೆಂದುಕೊಳ್ಳಿ. 16ರಲ್ಲಿ ಅರ್ಧದ ಪ್ರಶ್ನೆಯೇ ಏಳುವುದಿಲ್ಲ, ಬೋನಸ್ ನಿಮ್ಮ ಕ್ರಮದಲ್ಲೂ 5 ಆಗುತ್ತದೆ. ಆಗ ಅದೇ ಗಾಬ್ಲಿನ್‌ಗೆ 11 ಬೀಳಬೇಕೆಂದು ನಿಮ್ಮ ಲೇಖನ ಹೇಳುತ್ತದೆ, ವಾಸ್ತವದಲ್ಲಿ 10 ಸಾಕು. ಲೆಕ್ಕ ಕಲಿಸುವ ಲೇಖನವನ್ನು ಒಂದೇ ಉದಾಹರಣೆಯ ಮೇಲೆ ನಿಲ್ಲಿಸಬೇಡಿ. ಒಂದು ಬೆಸ, ಒಂದು ಸಮ, ಹೀಗೆ ಎರಡನ್ನಾದರೂ ಪೂರ್ತಿಯಾಗಿ ಮಾಡಿ ತೋರಿಸಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆರನೆಯ ಪುಟದಲ್ಲಿ ವಿಝರ್ಡ್ ಐದನೆಯ ಲೆವೆಲ್ಲಿಗೇರಿ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಪ್ರಯೋಗಿಸುತ್ತಾನೆ, ಮೂರು ಗಾಬ್ಲಿನ್‌ಗಳಿಗೆ ಮೂರು ಸಲ ದಾಳ ಉರುಳಿಸುತ್ತಾನೆ. ಫೈರ್‌ಬಾಲಿಗೆ ಮಂತ್ರ ಹಾಕಿದವನು ಏಟಿನ ದಾಳ ಉರುಳಿಸುವುದೇ ಇಲ್ಲ. ತಪ್ಪಿಸಿಕೊಳ್ಳಬೇಕಾದವರು ಗಾಬ್ಲಿನ್‌ಗಳು, ದಾಳ ಉರುಳುವುದೂ ಅವುಗಳಿಗಾಗಿ; ಅದಕ್ಕೆ ಸೇವ್ ಎನ್ನುತ್ತಾರೆ. ಅವು ಮುಟ್ಟಬೇಕಾದ ಅಂಕಿಯೇ ಸೇವ್ ಡಿ.ಸಿ.; 8ಕ್ಕೆ ಪ್ರೊಫಿಶಿಯೆನ್ಸಿ ಬೋನಸ್ಸನ್ನೂ ಮಾಡಿಫೈಯರನ್ನೂ ಕೂಡಿಸಿದರೆ ಅದು ಸಿಗುತ್ತದೆ. ಐದನೆಯ ಲೆವೆಲ್ಲಿನಲ್ಲಿ ಪ್ರೊಫಿಶಿಯೆನ್ಸಿ 3ಕ್ಕೆ ಏರುವುದರಿಂದ ನಿಮ್ಮ ವಿಝರ್ಡನಿಗೆ ಅದು 14. ಮ್ಯಾಜಿಕ್ ಮಿಸೈಲ್ ಎಂಬ ಮಂತ್ರದಲ್ಲಂತೂ ಏಟಿನ ದಾಳವೂ ಇಲ್ಲ, ಸೇವ್ ಕೂಡ ಇಲ್ಲ, ಅದು ನೇರವಾಗಿ ಹೋಗಿ ತಗಲುತ್ತದೆ. ಯಾವ ಮಂತ್ರಕ್ಕೆ ಯಾವ ಲೆಕ್ಕ ಎಂಬುದನ್ನು ಆ ಮಂತ್ರದ ವಿವರಣೆಯೇ ಹೇಳುತ್ತದೆಯೆಂಬ ಸರಳ ಸಂಗತಿಯನ್ನು ನೀವು ಎಲ್ಲಿಯೂ ಬರೆದಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿಯೇ ಎನ್ನುತ್ತಾಳೆ ನನ್ನ ಮಗಳು.

‘ಕೆಲವರು ಡೆಕ್ಸ್‌ಟೆರಿಟಿಯನ್ನು ಸೇರಿಸುತ್ತಾರೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಕಿರಣದಂತೆ ಗುರಿಯಿಟ್ಟು ಬಿಡುವ ಮಂತ್ರಗಳಿಗೆ ಡೆಕ್ಸ್‌ಟೆರಿಟಿ (ಚುರುಕುತನದ ಅಂಕಿ) ಲೆಕ್ಕಕ್ಕೆ ಬರುತ್ತಿತ್ತು. ನೀವು ವಿವರಿಸುತ್ತಿರುವುದು 2014ರ ಐದನೆಯ ಆವೃತ್ತಿಯನ್ನು. ಅಲ್ಲಿ ಮಾಡಿಫೈಯರ್ ಯಾವ ಅಂಕಿಯಿಂದ ಎಂಬುದು ಪಾತ್ರದ ಕ್ಲಾಸನ್ನು, ಅಂದರೆ ವರ್ಗವನ್ನು, ಅವಲಂಬಿಸಿದೆ: ವಿಝರ್ಡನಿಗೆ ಇಂಟೆಲಿಜೆನ್ಸ್, ಕ್ಲೆರಿಕ್ ಮತ್ತು ಡ್ರೂಯಿಡ್‌ಗೆ ವಿಸ್ಡಮ್ (ವಿವೇಕ), ಬಾರ್ಡ್, ಸಾರ್ಸರರ್ ಮತ್ತು ವಾರ್ಲಾಕ್‌ಗೆ ಕರಿಸ್ಮಾ (ವರ್ಚಸ್ಸು). ಯಾವ ಆವೃತ್ತಿಯೆಂದು ಮೊದಲ ಪುಟದಲ್ಲಿಯೇ ಹೇಳಿದರೆ ಈ ಗೊಂದಲ ಹುಟ್ಟುವುದಿಲ್ಲ. ಎರಡು ಕ್ಲಾಸ್‌ಗಳನ್ನು ಬೆರೆಸಿದ ಪಾತ್ರಕ್ಕೆ ಒಟ್ಟು ಲೆವೆಲ್ಲಿನಿಂದ ಪ್ರೊಫಿಶಿಯೆನ್ಸಿ ತೆಗೆದುಕೊಂಡು, ಆಯಾ ಕ್ಲಾಸಿನ ಮಂತ್ರಕ್ಕೆ ಆಯಾ ಮಾಡಿಫೈಯರ್ ಹಾಕಬೇಕೆಂದು ಬರೆದಿರುವ ನಾಲ್ಕು ಸಾಲುಗಳು ಚೊಕ್ಕವಾಗಿವೆ, ಅವನ್ನು ಮುಟ್ಟಬೇಡಿ.

ಭಾಷೆಯ ಬಗ್ಗೆ ನನ್ನ ತಕರಾರು ಸ್ವಲ್ಪ ಕಟುವಾದದ್ದು. ಪ್ರೊಫಿಶಿಯೆನ್ಸಿ ಬೋನಸ್ಸನ್ನು ಎರಡನೆಯ ಪುಟದಲ್ಲಿ ‘ಪ್ರಾವೀಣ್ಯಾಂಕ’ ಎಂದಿರಿ, ನಾಲ್ಕರಲ್ಲಿ ‘ನೈಪುಣ್ಯಲಾಭ’ ಎಂದಿರಿ, ಏಳರಲ್ಲಿ ‘ಕೌಶಲವೃದ್ಧಿ’ ಎಂದಿರಿ. ಕವಿತೆಯಲ್ಲಿ ಇದು ಗುಣವಾಗಬಹುದು, ಲೆಕ್ಕದಲ್ಲಿ ಒಂದು ವಸ್ತುವಿಗೆ ಮೂರು ಹೆಸರಿಟ್ಟರೆ ಓದುಗ ಮೂರನ್ನೂ ಕೂಡಿಸಿಬಿಡುತ್ತಾನೆ. ಆಟದ ಮೇಜಿನಲ್ಲಿ ನೀವು ಕನ್ನಡದ ಗೆಳೆಯರು ಏನೆನ್ನುತ್ತೀರೋ ಅದನ್ನೇ ಬರೆಯಿರಿ. ‘ವಿಂಶತಿಮುಖ ಘನ’ ಎಂಬುದನ್ನಂತೂ ದಯವಿಟ್ಟು ಕೈಬಿಡಿ; ಘನಕ್ಕೆ ಇರುವುದು ಆರೇ ಮುಖ. ಪಗಡೆಯಾಡಿದ ನಾಡಿನವರಿಗೆ ದಾಳ, ಗರ ಎಂಬ ಮಾತುಗಳಿರುವಾಗ ಇಪ್ಪತ್ತು ಮುಖದ ದಾಳ ಎಂದರೆ ಯಾರಿಗೂ ತೊಡಕಾಗದು.

ಮೊದಲ ಎರಡೂವರೆ ಪುಟಗಳು ಮಾನವನ ಕಲ್ಪನಾಶಕ್ತಿಯ ಬಗ್ಗೆ, 1974ರಲ್ಲಿ ಆಟ ಹುಟ್ಟಿದ ಬಗ್ಗೆ, ಯಕ್ಷಗಾನದ ಮಾಯಾಯುದ್ಧಗಳ ಬಗ್ಗೆ ಇವೆ. ನಮ್ಮ ಪತ್ರಿಕೆಯನ್ನು ಬಹಳ ಮಂದಿ ಓದುವುದು ಡೊಂಬಿವಲಿಯಿಂದಲೋ ಠಾಣೆಯಿಂದಲೋ ಹೊರಟ ಲೋಕಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತುಕೊಂಡು. ಅವರ ಇನ್ನೊಂದು ಕೈಯಲ್ಲಿ ಪತ್ರಿಕೆ ಇರುತ್ತದೆ, ಪೆನ್ಸಿಲ್ ಇರುವುದಿಲ್ಲ. ಕೂಡಿಸುವ ಕೆಲಸವನ್ನು ಅವರಿಗೆ ಬಿಡದೆ ಪ್ರತಿ ಹೆಜ್ಜೆಯನ್ನೂ ಪುಟದ ಮೇಲೆಯೇ ಮಾಡಿ ಮುಗಿಸಬೇಕು, ಅದೂ ದಾದರ್ ಬರುವುದರೊಳಗೆ. ಆ ಎರಡೂವರೆ ಪುಟಗಳನ್ನು ತೆಗೆದುಹಾಕಿ.

ಅವುಗಳ ಜಾಗಕ್ಕೆ ಬರಬೇಕಾದದ್ದು ನಿಮ್ಮಲ್ಲಿಯೇ, ಎಂಟನೆಯ ಪುಟದ ಒಂದು ಕಂಸದೊಳಗೆ ಅಡಗಿದೆ. ಶನಿವಾರ ರಾತ್ರಿ, ನಿಮ್ಮ ಬಾಡಿಗೆ ಕೋಣೆಯಲ್ಲಿ, ಫೈರ್ ಬೋಲ್ಟ್ ಮಂತ್ರ ಹಾಕಿದ ಗೆಳೆಯನ ದಾಳ ಕಪಾಟಿನಡಿಗೆ ಉರುಳಿಹೋಗಿ, ನಾಲ್ಕು ಜನ ನೆಲಕ್ಕೆ ಗಲ್ಲ ಹಚ್ಚಿ ಮೊಬೈಲ್ ಬೆಳಕು ಬಿಟ್ಟು ಅಂಕಿ ನೋಡಿದ ಆ ಪ್ರಸಂಗ. ಲೇಖನ ಅಲ್ಲಿಂದ ಶುರುವಾಗಲಿ, ಆ ದಾಳದ ಅಂಕಿಗೆ ಬೋನಸ್ ಕೂಡಿಸುತ್ತಲೇ ಲೆಕ್ಕ ಬಿಚ್ಚಿಕೊಳ್ಳಲಿ. ನಾಲ್ಕು ಪುಟ ಸಾಕು. ಗಣಪತಿ ಹಬ್ಬದೊಳಗೆ ಕಳಿಸಿದರೆ ಅನುಕೂಲ. ಕಪಾಟಿನಡಿಯಲ್ಲಿ ಬಿದ್ದ ಗರ ಎಷ್ಟೆಂದು ಮಾತ್ರ ನೀವು ಎಲ್ಲಿಯೂ ಬರೆದಿಲ್ಲ. ಮಗಳು ಎರಡು ಸಲ ಕೇಳಿದಳು.

ವಿಶ್ವಾಸದಿಂದ,
ಸಂಪಾದಕ, ಮುಂಬಯಿ