ರಾಣಿ ಎಲಿಜಬೆತ್ ವುಡ್‌ವಿಲ್ ಹೆಣ್ಣುಮಕ್ಕಳನ್ನು ಮೈದುನನಿಗೆ ಒಪ್ಪಿಸಿದ್ದೇಕೆ?

ಪ್ರಶ್ನೆ: ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಗುಲಾಬಿ ಯುದ್ಧಗಳ ಕಾಲದಲ್ಲಿ ನಾಲ್ಕನೆಯ ಎಡ್ವರ್ಡನ ವಿಧವೆ ಎಲಿಜಬೆತ್ ವುಡ್‌ವಿಲ್, ತನ್ನ ಮಗನ ಕಿರೀಟವನ್ನು ಕಸಿದುಕೊಂಡ ಮೂರನೆಯ ರಿಚರ್ಡನಿಗೆ 1484ರಲ್ಲಿ ಹೆಣ್ಣುಮಕ್ಕಳನ್ನು ಒಪ್ಪಿಸಿದಳೆಂದು ಓದಿದೆ. ಕಾಣೆಯಾದ ತನ್ನ ಗಂಡುಮಕ್ಕಳ ವಿಷಯದಲ್ಲಿ ಮೈದುನ ನಿರಪರಾಧಿಯೆಂದು ಆಕೆ ನಂಬಿದ್ದಳೇ?

ಉತ್ತರ: ನಂಬಿದ್ದಳೆಂದು ಹೇಳಲು ಆಕೆ ಪಡೆದುಕೊಂಡ ಪ್ರಮಾಣವೇ ಅಡ್ಡ ಬರುತ್ತದೆ. 1484ರ ಮಾರ್ಚ್ 1ರಂದು ರಿಚರ್ಡ್ ಧರ್ಮಗುರುಗಳು, ಸಾಮಂತ ಪ್ರಭುಗಳು ಹಾಗೂ ಲಂಡನ್ನಿನ ಮೇಯರ್ ಮುಂತಾದವರ ಸಮ್ಮುಖದಲ್ಲಿ, ಈ ಹೆಣ್ಣುಮಕ್ಕಳ ಪ್ರಾಣಕ್ಕೆ ಅಪಾಯವಾಗದಂತೆ ನೋಡಿಕೊಳ್ಳುವೆನೆಂದೂ, ಅವರನ್ನು ಲಂಡನ್ ಟವರಿನಲ್ಲಾಗಲಿ ಬೇರೆ ಸೆರೆಮನೆಯಲ್ಲಾಗಲಿ ಇಡುವುದಿಲ್ಲವೆಂದೂ, ಕುಲೀನರಿಗೆ ಮದುವೆ ಮಾಡಿಕೊಟ್ಟು ಒಬ್ಬೊಬ್ಬರಿಗೂ ವರ್ಷಕ್ಕೆ 200 ಮಾರ್ಕ್ (ಒಂದು ಮಾರ್ಕ್ ಎಂದರೆ ಪೌಂಡಿನ ಮೂರನೆಯ ಎರಡು ಭಾಗ) ಆದಾಯದ ಭೂಮಿ ಕೊಡುವೆನೆಂದೂ ಪ್ರಮಾಣ ಮಾಡಿದ. ತಾಯಿಗೆ ವರ್ಷಕ್ಕೆ 700 ಮಾರ್ಕ್ ಜೀವನಾಂಶ ಗೊತ್ತಾಯಿತು. ಟವರಿನ ಹೆಸರನ್ನು ಬಿಡಿಸಿ ಹೇಳಿಸಿದ್ದನ್ನು ಗಮನಿಸಬೇಕು. ಆಕೆಯ ಇಬ್ಬರು ಗಂಡುಮಕ್ಕಳು ಹಿಂದಿನ ವರ್ಷ ಅದರೊಳಗೆ ಹೋದವರು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಹುಡುಗರ ಬಗ್ಗೆ ಪ್ರಮಾಣದಲ್ಲಿ ಒಂದು ಮಾತೂ ಇಲ್ಲ. ಮೈದುನನ ಮೇಲೆ ಭರವಸೆಯಿದ್ದವಳು ಊರೆದುರು ಇಂಥ ಮಾತು ಪಡೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೂ ಒಪ್ಪಿಕೊಂಡದ್ದೇಕೆ? ಆಗ ಆಕೆ ಆಶ್ರಯ ಪಡೆದಿದ್ದುದು ವೆಸ್ಟ್‌ಮಿನ್‌ಸ್ಟರ್ ಮಠದಲ್ಲಿ. ಅಲ್ಲಿ ಶರಣು ಹೊಕ್ಕವರನ್ನು ಬಲವಂತವಾಗಿ ಎಳೆದೊಯ್ಯುವುದು ಧರ್ಮದ್ರೋಹವೆನಿಸುತ್ತಿತ್ತು. 1470ರಲ್ಲಿ ಗಂಡ ದೇಶಬಿಟ್ಟು ಓಡಿದ್ದಾಗಲೂ ಆಕೆ ಅಲ್ಲಿಯೇ ಇದ್ದು ಹಿರಿಯ ರಾಜಕುಮಾರನನ್ನು ಹೆತ್ತಿದ್ದಳು, ಆದರೆ ಆಗ ಮರಳಿ ಬರಲು ಗಂಡನಿದ್ದ. 1483ರ ಏಪ್ರಿಲ್ 9ರಂದು ಅವನು ತೀರಿಕೊಂಡ ಮೇಲೆ ಆಸರೆಗಳೆಲ್ಲ ಒಂದೊಂದಾಗಿ ಕಳಚಿದವು: ಜೂನ್ 16ರಂದು ಕಿರಿಯ ರಾಜಕುಮಾರನನ್ನು ರಿಚರ್ಡನ ಕಡೆಯವರಿಗೆ ಒಪ್ಪಿಸಬೇಕಾಯಿತು, ಅದೇ ತಿಂಗಳು ತಮ್ಮ ಆಂಥನಿಗೂ ಮೊದಲ ಮದುವೆಯ ಮಗ ರಿಚರ್ಡ್ ಗ್ರೇಗೂ ಮರಣದಂಡನೆಯಾಯಿತು. 1484ರ ಆರಂಭದಲ್ಲಿ ಸಂಸತ್ತು, ಎಡ್ವರ್ಡ್ ಮೊದಲೇ ಎಲಿನರ್ ಬಟ್ಲರ್ ಎಂಬಾಕೆಗೆ ಮದುವೆಯ ವಚನ ಕೊಟ್ಟಿದ್ದನೆಂದು ಹೇಳಿ, ಎಲಿಜಬೆತ್‌ಳ ಮದುವೆಯನ್ನೇ ಅಸಿಂಧುವೆಂದು ಸಾರಿತು. ಹಿರಿಯ ಮಗಳನ್ನು ಮದುವೆಯಾಗುವೆನೆಂದು, ರಿಚರ್ಡನ ಸಿಂಹಾಸನಕ್ಕೆ ಹಕ್ಕು ಸಾಧಿಸುತ್ತ ದೇಶದ ಹೊರಗಿದ್ದ ಹೆನ್ರಿ ಟ್ಯೂಡರ್ 1483ರ ಕ್ರಿಸ್‌ಮಸ್ ದಿನ ಬ್ರಿಟನಿಯ ರೆನ್ ನಗರದಲ್ಲಿ ಪ್ರಮಾಣ ಮಾಡಿದ್ದನಾದರೂ, ಅವನ ಪರವಾದ ಮೊದಲ ಬಂಡಾಯ ಅಷ್ಟರಲ್ಲೇ ಸೋತಿತ್ತು. ಹದಿನೆಂಟರ ಹಿರಿಯಳಿಂದ ಮೂರರ ಬ್ರಿಜೆಟ್‌ಳವರೆಗೆ ಐವರು ಹೆಣ್ಣುಮಕ್ಕಳನ್ನು, ಆಸ್ತಿಯೂ ಇಲ್ಲದೆ, ಮಠದಲ್ಲಿ ಎಷ್ಟು ಕಾಲ ಇಟ್ಟುಕೊಳ್ಳಬಹುದಿತ್ತು?

ಅನಂತರ ಆಕೆ, ಹೆನ್ರಿಯ ಜೊತೆಗಿದ್ದ, ಮೊದಲ ಮದುವೆಯ ಇನ್ನೊಬ್ಬ ಮಗ ಡಾರ್ಸೆಟ್‌ಗೆ ಹಿಂದಿರುಗಲು ಹೇಳಿ ಕಳುಹಿಸಿದ್ದು ಮಾತ್ರ ವಿವರಿಸಲು ಕಷ್ಟವಾದ ಸಂಗತಿ. ಅವನು ಹೊರಟು, ಫ್ರಾನ್ಸಿನ ಕಾಂಪಿಯೇನಿನಲ್ಲಿ ಹೆನ್ರಿಯ ಕಡೆಯವರಿಗೆ ಸಿಕ್ಕಿಬಿದ್ದ. ಆಕೆಯನ್ನು ಚಂಚಲೆಯೆಂದು ದೂರುವವರು ಇದನ್ನೇ ಮುಂದಿಡುತ್ತಾರೆ. ಆದರೆ 1485ರ ಆಗಸ್ಟ್ 22ರಂದು ಬಾಸ್ವರ್ತ್‌ನಲ್ಲಿ ಹೆನ್ರಿಯ ಸೈನ್ಯದೊಡನೆ ಕಾದಾಡಿ ರಿಚರ್ಡ್ ಸಾಯುವನೆಂದು ಆಗ ಊಹಿಸಬಲ್ಲವರು ಯಾರಿದ್ದರು? ರಿಚರ್ಡನ ಆಳ್ವಿಕೆಯಲ್ಲಿ ಐವರು ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಪ್ರಾಣಹಾನಿಯಾಗಲಿಲ್ಲ, ಹಿರಿಯವಳು 1486ರ ಜನವರಿ 18ರಂದು ಹೆನ್ರಿಯ ಕೈಹಿಡಿದು ರಾಣಿಯಾದಳು.